ಎಲ್‌ಎಲ್‌ವಿಎಂ ಬಿಲ್ಡ್ ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು

ವಿಜಯಪುರದಲ್ಲಿ ನಾವು ಕೆಲವರು ಭಾನುವಾರ ಒಂದು ಕಡೆ ಕೂತು ಕಂಪೈಲರ್ ಕಲಿಯುತ್ತೇವೆ. ಕಂಪೈಲರ್ ಅಂದರೆ ನಾವು ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಮ್. ಎಲ್‌ಎಲ್‌ವಿಎಂ ಅಂದರೆ ಕಂಪೈಲರ್ ಮಾಡಲು ಬೇಕಾದ ಸಲಕರಣೆಗಳ ಪ್ರಾಜೆಕ್ಟ್, ಅದನ್ನು ಮೂಲ ಕೋಡಿನಿಂದ ಕಟ್ಟುವುದೇ ಬಿಲ್ಡ್. ಬರುವವರಲ್ಲಿ ಇಲ್ಲಿಯ, ಬಾಗಲಕೋಟೆಯ, ಬೆಳಗಾವಿ ಕಡೆಯ ಇಂಜಿನಿಯರಿಂಗ್ ಹುಡುಗ ಹುಡುಗಿಯರೇ ಜಾಸ್ತಿ. ಹೆಚ್ಚಿನವರ ಹತ್ತಿರ ಇರುವುದು 8 ಜಿಬಿ ರ್‍ಯಾಮ್ ಲ್ಯಾಪ್‌ಟಾಪ್. ಹೋದ ಬೇಸಿಗೆಯಲ್ಲಿ ಒಬ್ಬ ಹುಡುಗ ಬಂದು ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ: "ಸರ್, ರಾತ್ರಿ ಪೂರಾ ಹಚ್ಚಿ ಬಿಟ್ಟಿದ್ದೆ, ಮುಂಜಾನೆ ನೋಡಿದ್ರ ಕಿಲ್ಡ್ ಅಂತ ಬಂದೈತಿ. ನಮ್ಮಂಥ ಲ್ಯಾಪ್‌ಟಾಪ್‌ನ್ಯಾಗ ಇದೆಲ್ಲಾ ಆಗೂದಿಲ್ಲ ಬಿಡ್ರಿ." ಅವನ ಲ್ಯಾಪ್‌ಟಾಪ್‌ನಲ್ಲಿ ಏನೂ ಕೊರತೆ ಇರಲಿಲ್ಲ. ಡೀಬಗ್ ಬಿಲ್ಡ್ (ತಪ್ಪು ಹುಡುಕಲು ಬೇಕಾದ ಮಾಹಿತಿ ತುಂಬಿದ ಬಿಲ್ಡ್), ಇರುವ ಎಲ್ಲ ಪ್ರೊಸೆಸರ್‌ಗಳ ಟಾರ್ಗೆಟ್ (ಯಾವ ಪ್ರೊಸೆಸರಿಗೆ ಕೋಡ್ ಮಾಡಬೇಕೋ ಅದು), ಒಟ್ಟಿಗೆ ನಾಲ್ಕಾರು ಲಿಂಕ್ ಕೆಲಸ (ಕಂಪೈಲ್ ಆದ ತುಂಡುಗಳನ್ನು ಒಂದು ಪ್ರೋಗ್ರಾಮಾಗಿ ಜೋಡಿಸುವುದು), ಇಷ್ಟನ್ನೂ ಅವನಿಗೇ ಗೊತ್ತಿಲ್ಲದೆ ಕೇಳಿಬಿಟ್ಟಿದ್ದ. ನಾಲ್ಕು ಆಯ್ಕೆ ಬದಲಿಸಿದೆವು, ಅದೇ ಯಂತ್ರದಲ್ಲಿ ಎಲ್‌ಎಲ್‌ವಿಎಂನ ಸಿ, ಸಿ++ ಕಂಪೈಲರ್ ಆದ ಕ್ಲ್ಯಾಂಗ್ ಎದ್ದು ನಿಂತಿತು.

ಅವನ ಹಾಗೆ ಬಿಟ್ಟು ಹೋಗುವವರು ಕಡಿಮೆಯಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ನಿಮಗೆ ಕಾಣುವ ಲಕ್ಷಣ ಯಾವುದೋ ಆ ಭಾಗಕ್ಕೆ ನೇರ ಹೋಗಿ. ಪ್ರತಿ ಭಾಗದಲ್ಲೂ ಖರ್ಚಿಲ್ಲದ, ಸುಲಭದ ಪರೀಕ್ಷೆ ಮೊದಲಿದೆ. ಆಯ್ಕೆಗಳ ಹೆಸರನ್ನು ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ದೊಡ್ಡಕ್ಷರದಲ್ಲಿ, ಪದಗಳ ನಡುವೆ ಜಾಗ ಬಿಡದೆ ಅಂಡರ್‌ಸ್ಕೋರ್ ಹಾಕಿ ಬರೆಯಿರಿ. ಮುಂದೆ ಮೈನಸ್ ಚಿಹ್ನೆ ಮತ್ತು ದೊಡ್ಡ ಡಿ ಸೇರಿಸಿದರೆ ಸಿಮೇಕ್‌ಗೆ ಅದು ಆಯ್ಕೆ ಎಂದು ತಿಳಿಯುತ್ತದೆ.

ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ಇಲ್ಲಿ ಎರಡು ಹಂತಗಳಿವೆ. ಸಿಮೇಕ್ ನಿಮ್ಮ ಆಯ್ಕೆಗಳನ್ನು ಓದಿ, ಏನನ್ನು ಹೇಗೆ ಕಟ್ಟಬೇಕು ಅಂತ ಪಟ್ಟಿ ಬರೆದಿಡುತ್ತದೆ. ನಿಂಜಾ ಆ ಪಟ್ಟಿ ನೋಡಿ ನಿಜವಾಗಿ ಕಟ್ಟುತ್ತದೆ. ದೋಷ ಯಾವ ಹಂತದಲ್ಲಿ ಬಂತು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಸಾಲುಗಳ ಮುಂದೆ ಇಷ್ಟರಲ್ಲಿ ಇಷ್ಟು ಅಂತ ಅಂಕಿ ಓಡುತ್ತಿದ್ದರೆ ನೀವು ನಿಂಜಾ ಹಂತದಲ್ಲಿದ್ದೀರಿ.

ಶುರು ಮಾಡುವ ಮೊದಲು ಎಚ್ಚರಿಕೆ

ಬಿಲ್ಡ್ ನಡೆಯುವಾಗ ಪ್ರೊಸೆಸರಿನ ಎಲ್ಲ ಕೋರ್‌ಗಳೂ ಗಂಟೆಗಟ್ಟಲೆ ಪೂರ್ತಿ ದುಡಿಯುತ್ತವೆ. ನಮ್ಮ ಕಡೆ ಏಪ್ರಿಲ್, ಮೇ ಅಂದರೆ 40 ಡಿಗ್ರಿ ದಾಟುವ ದಿನಗಳು. ಲ್ಯಾಪ್‌ಟಾಪನ್ನು ಹಾಸಿಗೆ ಮೇಲೆ, ಕೌದಿ ಮೇಲೆ ಇಟ್ಟು ಬಿಲ್ಡ್ ಹಚ್ಚಿ ಮಲಗಬೇಡಿ, ಗಾಳಿ ಹೋಗುವ ಕಿಂಡಿ ಮುಚ್ಚಿ ಒಳಗೆ ಬಿಸಿ ಏರುತ್ತದೆ. ಗಟ್ಟಿ ಮೇಜಿನ ಮೇಲೆ, ಕೆಳಗೆ ಸ್ವಲ್ಪ ಸಂದು ಇರುವಂತೆ ಇಡಿ. ಬ್ಯಾಟರಿ ಉಬ್ಬಿದಂತೆ ಕಂಡರೆ, ಸುಟ್ಟ ವಾಸನೆ ಬಂದರೆ ಅಲ್ಲೇ ನಿಲ್ಲಿಸಿ, ಪ್ಲಗ್ ತೆಗೆಯಿರಿ, ರಿಪೇರಿಯವರಿಗೆ ತೋರಿಸಿ. ಅದು ಯಾವ ಆಯ್ಕೆಯಿಂದಲೂ ಸರಿಹೋಗುವುದಲ್ಲ.

ಇನ್ನೊಂದು, ಸುಡೊ (ಯಂತ್ರದ ಮುಖ್ಯ ಬಳಕೆದಾರ ರೂಟ್ ಹೆಸರಲ್ಲಿ ಓಡಿಸುವ ಕಮಾಂಡ್) ಹಾಕಿ ಬಿಲ್ಡ್ ಮಾಡಬೇಡಿ. ಒಮ್ಮೆ ಹಾಗೆ ಮಾಡಿದರೆ ಆ ಫೈಲುಗಳು ರೂಟ್ ಹೆಸರಿಗೆ ಹೋಗುತ್ತವೆ, ಆಮೇಲೆ ಪ್ರತಿ ಹೆಜ್ಜೆಗೂ ಅನುಮತಿ ಇಲ್ಲ ಅನ್ನುವ ದೋಷ. ಸಿಮೇಕ್ ಇನ್‌ಸ್ಟಾಲ್ ಪ್ರಿಫಿಕ್ಸ್ ಅನ್ನುವ ಆಯ್ಕೆಗೆ ನಿಮ್ಮ ಹೋಮ್ ಡೈರೆಕ್ಟರಿಯೊಳಗಿನ ಜಾಗ ಕೊಟ್ಟರೆ ಸುಡೊ ಬೇಕಾಗುವುದೇ ಇಲ್ಲ.

"ಆಯ್ಕೆ ಕೊಟ್ಟೆ, ಏನೂ ಬದಲಾಗಲಿಲ್ಲ"

ಅತಿ ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲಿ, ಹಾಗಾಗಿ ಇಲ್ಲೇ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಬಿಲ್ಡ್ ಡೈರೆಕ್ಟರಿಯಲ್ಲಿ ಸಿಮೇಕ್‌ಕ್ಯಾಶ್ ಡಾಟ್ ಟಿಎಕ್ಸ್‌ಟಿ ಅನ್ನುವ ಫೈಲ್ ಇರುತ್ತದೆ. ಅದನ್ನು ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಅಂದುಕೊಳ್ಳಿ. ಒಮ್ಮೆ ಬರೆದದ್ದು ಯಾರಾದರೂ ಹೊಡೆದುಹಾಕುವ ತನಕ ಅಲ್ಲೇ ಇರುತ್ತದೆ. ನೀವು ಇವತ್ತಿನ ಕಮಾಂಡ್‌ನಲ್ಲಿ ಒಂದು ಆಯ್ಕೆಯನ್ನು ಬರೆಯದೆ ಬಿಟ್ಟರೆ ಅದು ಮೂಲ ಸ್ಥಿತಿಗೆ ಮರಳುವುದಿಲ್ಲ, ಹೋದ ವಾರ ಕೊಟ್ಟ ಬೆಲೆಯೇ (ವ್ಯಾಲ್ಯೂ) ನಡೆಯುತ್ತದೆ. "ನಾನು ಅದನ್ನು ಕಮಾಂಡಿನಿಂದ ತೆಗೆದಿದ್ದೇನೆ, ಆದರೂ ಇದೆ" ಅನ್ನುವವರಿಗೆಲ್ಲ ಉತ್ತರ ಇದೇ.

ಮೊದಲ ಪರೀಕ್ಷೆ: ಸಿಮೇಕ್ ಓಡಿದಾಗ ಕೊನೆಯ ಕೆಲವು ಸಾಲು ಓದಿ. ನೀವು ಕೈಯಿಂದ ಕೊಟ್ಟ ಕೆಲವು ವೇರಿಯಬಲ್‌ಗಳನ್ನು ಪ್ರಾಜೆಕ್ಟ್ ಬಳಸಲಿಲ್ಲ ಅನ್ನುವ ಎಚ್ಚರಿಕೆ ಅಲ್ಲಿದ್ದರೆ, ಹೆಸರು ತಪ್ಪು ಬರೆದಿದ್ದೀರಿ ಅನ್ನುವ ಸಂಭವವೇ ಜಾಸ್ತಿ. ಪ್ರಾಜೆಕ್ಟ್ಸ್ ಅನ್ನುವ ಕಡೆ ಪ್ರಾಜೆಕ್ಟ್ ಅಂತ ಬರೆದರೂ ಸಿಮೇಕ್ ದೋಷ ಅಂತ ನಿಲ್ಲುವುದಿಲ್ಲ. ಆ ಹೊಸ ಹೆಸರನ್ನೂ ಪುಸ್ತಕದಲ್ಲಿ ಬರೆದುಕೊಂಡು, ಆ ಎಚ್ಚರಿಕೆಯಷ್ಟೇ ಕೊಟ್ಟು ಮುಂದೆ ಹೋಗುತ್ತದೆ.

ಎಚ್ಚರಿಕೆಯ ಸಾಲು ಕಣ್ತಪ್ಪಿ ಹೋಗಿದ್ದರೆ ಕ್ಯಾಶ್ ಫೈಲಿನಲ್ಲಿ ಅನ್‌ಇನಿಶಿಯಲೈಸ್ಡ್ ಅನ್ನುವ ಪದ ಹುಡುಕಿ. ನೀವು ಕೊಟ್ಟ ಹೆಸರನ್ನು ಪ್ರಾಜೆಕ್ಟ್ ತನ್ನದು ಅಂತ ಘೋಷಿಸದಿದ್ದರೆ ಅದರ ಪಕ್ಕ ಈ ಗುರುತು ಉಳಿಯುತ್ತದೆ. ಗುರುತು ಇರುವುದೆಲ್ಲ ತಪ್ಪೇ ಅಂತ ಹೇಳಲಾಗದು, ಕೆಲವು ಸರಿಯಾದ ಹೆಸರುಗಳಿಗೂ ಹೀಗೆ ಬೀಳುತ್ತದೆ. ಆದರೆ ತಪ್ಪು ಹೆಸರು ಹಿಡಿಯಲು ಇದಕ್ಕಿಂತ ಬೇಗದ ದಾರಿ ನನಗೆ ಸಿಕ್ಕಿಲ್ಲ.

ಎರಡನೆಯದು: ಈಗ ನಿಜವಾಗಿ ಏನಿದೆ ಅಂತ ನೋಡಿ. ಬಿಲ್ಡ್ ಡೈರೆಕ್ಟರಿಯಲ್ಲಿ ನಿಂತು ಸಿಮೇಕ್‌ಗೆ ಮೈನಸ್ ದೊಡ್ಡ ಎಲ್, ದೊಡ್ಡ ಎ, ಜೊತೆಗೆ ಮೈನಸ್ ದೊಡ್ಡ ಎನ್, ಕೊನೆಗೆ ಒಂದು ಚುಕ್ಕಿ ಕೊಡಿ. ಏನನ್ನೂ ಬದಲಿಸದೆ ಎಲ್ಲ ಆಯ್ಕೆಗಳ ಸದ್ಯದ ಬೆಲೆ ತೋರಿಸುತ್ತದೆ. ಎಲ್ ಎ ಜೊತೆ ದೊಡ್ಡ ಎಚ್ ಸೇರಿಸಿದರೆ ಪ್ರತಿ ಆಯ್ಕೆ ಏನು ಮಾಡುತ್ತದೆ ಅನ್ನುವ ವಿವರಣೆಯೂ ಬರುತ್ತದೆ.

ಮೂರನೆಯದು: ಸರಿಯಾದ ಕ್ಲ್ಯಾಂಗ್ ಓಡುತ್ತಿದೆಯಾ? ಉಬುಂಟು ಜೊತೆ ಹಾಕಿಕೊಂಡ ಹಳೆ ಕ್ಲ್ಯಾಂಗ್ ಪಾತ್‌ನಲ್ಲಿ ಮೊದಲು ಸಿಕ್ಕರೆ, ನೀವು ಕಟ್ಟಿದ್ದು ಎಷ್ಟೇ ಸರಿಯಿದ್ದರೂ ಕಾಣುವುದು ಹಳೆಯದೇ. ವಿಚ್ ಕ್ಲ್ಯಾಂಗ್ ಅಂತ ಕೇಳಿ ನೋಡಿ.

ಒಂದೊಂದು ಸಲ ಆಯ್ಕೆ ಸರಿ ಇರುತ್ತದೆ, ಬೆಲೆಯ ಅರ್ಥ ಬೇರೆ ಇರುತ್ತದೆ. ಡೇಟಾ ಕುಗ್ಗಿಸುವ ಜೆಡ್‌ಲಿಬ್ ಲೈಬ್ರರಿಗಾಗಿ ಇರುವ ಎಲ್‌ಎಲ್‌ವಿಎಂ ಎನೇಬಲ್ ಜೆಡ್‌ಲಿಬ್‌ಗೆ ಆನ್ ಅಂತ ಕೊಟ್ಟರೆ "ಸಿಕ್ಕರೆ ಬಳಸು" ಅಂತ ಅರ್ಥ. ಯಂತ್ರದಲ್ಲಿ ಜೆಡ್‌ಲಿಬ್‌ನ ಡೆವಲಪ್‌ಮೆಂಟ್ ಪ್ಯಾಕೇಜ್ ಇಲ್ಲದಿದ್ದರೆ ಅದಿಲ್ಲದೆಯೇ ಕಟ್ಟಿ ಮುಗಿಸುತ್ತದೆ. ಇರಲೇಬೇಕು ಅನ್ನುವುದಾದರೆ ಫೋರ್ಸ್ ಆನ್ ಅಂತ ಕೊಡಬೇಕು, ಆಗ ಸಿಗದಿದ್ದರೆ ಸಿಮೇಕ್ ಅಲ್ಲೇ ನಿಂತು ಹೇಳುತ್ತದೆ.

ಇನ್ನೊಂದು ಸೂಕ್ಷ್ಮ ಜಾಗ ಇದೆ, ಇದು ಅನುಭವಸ್ಥರನ್ನೂ ಬಿಟ್ಟಿಲ್ಲ. ಅಸರ್ಶನ್‌ಗಳ (ಓಡುವಾಗ ಒಳಗಿನ ತಪ್ಪು ಹಿಡಿಯುವ ಪರೀಕ್ಷೆಗಳು, ಆಯ್ಕೆಯ ಹೆಸರು ಎಲ್‌ಎಲ್‌ವಿಎಂ ಎನೇಬಲ್ ಅಸರ್ಶನ್ಸ್) ಮೂಲ ಬೆಲೆ ಬಿಲ್ಡ್ ಟೈಪ್ ನೋಡಿ ನಿರ್ಧಾರವಾಗುತ್ತದೆ: ಡೀಬಗ್ ಆದರೆ ಆನ್, ಬೇರೆ ಆದರೆ ಆಫ್. ನೀವು ಮೊದಲು ಡೀಬಗ್ ಅಂತ ಶುರು ಮಾಡಿ, ಅದೇ ಡೈರೆಕ್ಟರಿಯಲ್ಲಿ ಆಮೇಲೆ ರಿಲೀಸ್ ಅಂತ ಬದಲಿಸಿದಿರಿ ಅನ್ನಿ. ಮೊದಲ ದಿನ ಪುಸ್ತಕದಲ್ಲಿ ಬರೆದ ಆನ್ ಹಾಗೇ ಕೂತಿರುತ್ತದೆ. ರಿಲೀಸ್ ಆದರೂ ನಿಧಾನ ಯಾಕೆ ಅಂತ ತಲೆ ಕೆರೆದುಕೊಳ್ಳುತ್ತೀರಿ.

ಪರಿಹಾರ: ಒಂದೇ ಆಯ್ಕೆ ಅಳಿಸಬೇಕಾದರೆ ಸಿಮೇಕ್‌ಗೆ ಮೈನಸ್ ದೊಡ್ಡ ಯು ಜೊತೆ ಅದರ ಹೆಸರು ಕೊಡಿ. ಪೂರ್ತಿ ಹೊಸದಾಗಿ ಬೇಕೆಂದರೆ ಸಿಮೇಕ್ 3.24 ರಿಂದ ಫ್ರೆಶ್ ಅನ್ನುವ ಆಯ್ಕೆ ಇದೆ, ಎರಡು ಮೈನಸ್ ಹಾಕಿ ಬರೆಯಬೇಕು. ಹಳೆ ಸಿಮೇಕ್ ಇದ್ದರೆ ಕ್ಯಾಶ್ ಫೈಲನ್ನೂ ಸಿಮೇಕ್‌ಫೈಲ್ಸ್ ಫೋಲ್ಡರನ್ನೂ ಅಳಿಸಿ. ಅಳಿಸುವ ಮೊದಲು ಯಾವ ಡೈರೆಕ್ಟರಿಯಲ್ಲಿ ನಿಂತಿದ್ದೀರಿ ಅಂತ ಒಮ್ಮೆ ನೋಡಿಕೊಳ್ಳಿ. ನಕ್ಷತ್ರ ಚಿಹ್ನೆ ಹಾಕಿ ಅಳಿಸುವ ಕಮಾಂಡನ್ನು ಮೂಲ ಕೋಡಿನ ಫೋಲ್ಡರಿನಲ್ಲಿ ಕೊಟ್ಟರೆ ನೀವು ಬರೆದು ಇನ್ನೂ ಕಮಿಟ್ ಮಾಡದ ಕೆಲಸ ವಾಪಸ್ ಬರುವುದಿಲ್ಲ.

ಕಂಪೈಲರ್ ಬದಲಿಸುವ ಕಥೆ ಬೇರೆ. ಬಟ್ಟೆ ನೇಯುವವರಿಗೆ ಗೊತ್ತು, ಹೊಕ್ಕಿನ ನೂಲನ್ನು ನಡುವೆ ಬದಲಿಸಬಹುದು, ಹಾಸು ಮಾತ್ರ ಒಮ್ಮೆ ಮಗ್ಗಕ್ಕೆ ಏರಿಸಿದ ಮೇಲೆ ಮುಗಿಯಿತು. ಸಿಮೇಕ್‌ಗೆ ಕಂಪೈಲರ್ ಅಂದರೆ ಹಾಸು. ಯಾವ ಕಂಪೈಲರ್ ಬೇಕು ಅಂತ ಹೇಳುವ ಸಿಸಿ, ಸಿಎಕ್ಸ್‌ಎಕ್ಸ್ ಪರಿಸರ ವೇರಿಯಬಲ್‌ಗಳನ್ನು ಅದು ನೋಡುವುದು ಮೊದಲ ಸಲ ಮಾತ್ರ. ಜಿಸಿಸಿ (ಇನ್ನೊಂದು ಕಂಪೈಲರ್) ಬಿಟ್ಟು ಕ್ಲ್ಯಾಂಗ್‌ನಿಂದ ಕಟ್ಟಬೇಕೆಂದರೆ ಹೊಸ ಬಿಲ್ಡ್ ಡೈರೆಕ್ಟರಿಯನ್ನೇ ಮಾಡಿ.

"ಸಿಮೇಕ್ ಶುರುವಲ್ಲೇ ನಿಂತುಬಿಟ್ಟಿತು"

ಇವು ಬೇಗ ಮುಗಿಯುವ ದೋಷಗಳು. ಸಿಮೇಕ್‌ಲಿಸ್ಟ್ಸ್ ಫೈಲ್ ಕಾಣುತ್ತಿಲ್ಲ ಅಂದರೆ ನೀವು ರೆಪೊಸಿಟರಿಯ ಬೇರಿನ ಫೋಲ್ಡರನ್ನು ತೋರಿಸಿದ್ದೀರಿ. ತೋರಿಸಬೇಕಾದ್ದು ಅದರೊಳಗಿನ ಎಲ್‌ಎಲ್‌ವಿಎಂ ಅನ್ನುವ ಫೋಲ್ಡರ್.

ಇನ್-ಸೋರ್ಸ್ ಬಿಲ್ಡ್ ಮಾಡುವಂತಿಲ್ಲ ಅಂದರೆ ಕೋಡ್ ಇರುವ ಜಾಗದಲ್ಲೇ ಸಿಮೇಕ್ ಓಡಿಸಿದ್ದೀರಿ. ಅಲ್ಲಿ ಹುಟ್ಟಿದ ಕ್ಯಾಶ್ ಫೈಲ್ ಮತ್ತು ಸಿಮೇಕ್‌ಫೈಲ್ಸ್ ಫೋಲ್ಡರ್ ಎರಡನ್ನೂ ಅಳಿಸಿ, ಪಕ್ಕದಲ್ಲಿ ಬೇರೆ ಫೋಲ್ಡರ್ ಮಾಡಿ. ಅಳಿಸದೇ ಹೋದರೆ ಬೇರೆ ಫೋಲ್ಡರಿನಿಂದಲೂ ಅದೇ ತಕರಾರು ಬರುತ್ತದೆ.

ಬಿಲ್ಡ್ ಟೈಪ್ ಆಯ್ಕೆ ಮಾಡಿಲ್ಲ ಅಂದರೆ ಸಿಮೇಕ್ ಬಿಲ್ಡ್ ಟೈಪ್ ಕೊಡಬೇಕು. ಹಿಂದೆ ಕೊಡದಿದ್ದರೆ ತಾನೇ ಡೀಬಗ್ ಅಂತ ತೆಗೆದುಕೊಳ್ಳುತ್ತಿತ್ತು, ಅದರಿಂದ ಹಾಳಾದ ರಾತ್ರಿಗಳು ಎಷ್ಟೋ. ಈಗ ನಿಂತು ಕೇಳುತ್ತದೆ, ಅದು ಒಳ್ಳೆಯದೇ.

"ಎಲ್‌ಎಲ್‌ಡಿ: ಕಮಾಂಡ್ ನಾಟ್ ಫೌಂಡ್" ಅಂತ ಬಂದರೆ ಉದ್ಧರಣ ಚಿಹ್ನೆ ಮರೆತಿದ್ದೀರಿ. ಏನೇನು ಕಟ್ಟಬೇಕು ಅಂತ ಹೇಳುವ ಎಲ್‌ಎಲ್‌ವಿಎಂ ಎನೇಬಲ್ ಪ್ರಾಜೆಕ್ಟ್ಸ್ ಪಟ್ಟಿಯಲ್ಲಿ ಹೆಸರುಗಳ ನಡುವೆ ಅರ್ಧವಿರಾಮ ಚಿಹ್ನೆ ಇರುತ್ತದೆ. ಶೆಲ್‌ಗೆ ಅದು ಕಮಾಂಡ್ ಮುಗಿಯಿತು ಅನ್ನುವ ಗುರುತು. ಕ್ಲ್ಯಾಂಗ್ ಅಷ್ಟಕ್ಕೇ ನಿಂತು, ಎಲ್‌ಎಲ್‌ಡಿ (ಎಲ್‌ಎಲ್‌ವಿಎಂನ ಲಿಂಕರ್) ಬೇರೆ ಕಮಾಂಡ್ ಆಗಿಬಿಡುತ್ತದೆ. ಪಟ್ಟಿ ಪೂರ್ತಿ ಉದ್ಧರಣ ಚಿಹ್ನೆಯೊಳಗೆ ಇರಲಿ. ಹಾಗೇ ಸಿ++ ಲೈಬ್ರರಿ, ಅದರ ಎಬಿಐ ಲೈಬ್ರರಿ, ಲಿಬ್‌ಅನ್‌ವೈಂಡ್ ಇವು ಪ್ರಾಜೆಕ್ಟ್ಸ್ ಪಟ್ಟಿಗೆ ಸೇರುವುದಿಲ್ಲ, ಎಲ್‌ಎಲ್‌ವಿಎಂ ಎನೇಬಲ್ ರನ್‌ಟೈಮ್ಸ್ ಪಟ್ಟಿಗೆ ಸೇರುತ್ತವೆ. ಹಳೆ ಬರಹ ನೋಡಿ ಮಾಡುವವರು ಇಲ್ಲಿ ಎಡವುತ್ತಾರೆ.

ಸಿಮೇಕ್ ಹಳೆಯದು ಅಂದರೆ ಕನಿಷ್ಠ 3.20 ಬೇಕು. ಜಿಸಿಸಿ ಆದರೆ 7.4 ಅಥವಾ ಮುಂದಿನದು. ಕಾಲೇಜು ಲ್ಯಾಬಿನ ಹಳೆ ಯಂತ್ರಗಳಲ್ಲಿ ಇದನ್ನೇ ಮೊದಲು ನೋಡಿ. ಮತ್ತು 2016ಕ್ಕಿಂತ ಹಿಂದಿನ ಬರಹದಲ್ಲಿ ಕಾನ್ಫಿಗರ್ ಸ್ಕ್ರಿಪ್ಟ್ ಓಡಿಸಿ ಅಂತ ಇದ್ದರೆ ಮುಚ್ಚಿಬಿಡಿ. ಆ ಪದ್ಧತಿಯನ್ನು 3.9 ಆವೃತ್ತಿಯಲ್ಲೇ ತೆಗೆದುಹಾಕಿದ್ದಾರೆ.

"ಕಿಲ್ಡ್ ಅಂತ ಬಂತು" ಅಥವಾ "ಲ್ಯಾಪ್‌ಟಾಪ್ ಮೌಸ್ ಸಮೇತ ಹೆಪ್ಪುಗಟ್ಟಿತು"

ಸಿಗ್ನಲ್ 9, ಕಿಲ್ಡ್ ಅನ್ನುವ ಮಾತು ಕಂಡರೆ ಕೋಡಿನಲ್ಲಿ ತಪ್ಪು ಹುಡುಕಬೇಡಿ. ರ್‍ಯಾಮ್ ಮುಗಿದು ಕರ್ನಲ್ ಆ ಕೆಲಸವನ್ನು ಕೊಂದಿದೆ. ಡಿಮೆಸ್ಜ್ ಕಮಾಂಡಿನ ಕೊನೆಯಲ್ಲಿ ಔಟ್ ಆಫ್ ಮೆಮೊರಿ ಅಂತ ಇದ್ದರೆ ಖಚಿತ.

ಯಾವ ಹಂತದಲ್ಲಿ ಸತ್ತಿತು ಅಂತ ನೋಡಿ. ಲಿಂಕಿಂಗ್ ಅನ್ನುವ ಸಾಲಿನಲ್ಲಿ ಆದರೆ, ಎಲ್‌ಎಲ್‌ವಿಎಂ ಪ್ಯಾರಲಲ್ ಲಿಂಕ್ ಜಾಬ್ಸ್‌ಗೆ 1 ಅಂತ ಕೊಡಿ. 8 ಜಿಬಿಯಲ್ಲಿ ಇದೊಂದೇ ಸಾಕಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಕಂಪೈಲ್ ಹಾಗೇ ಎಲ್ಲ ಕೋರ್‌ಗಳಲ್ಲಿ ನಡೆಯುತ್ತದೆ, ಲಿಂಕ್ ಮಾತ್ರ ಒಂದೊಂದಾಗಿ. ಆದರೆ ಈ ಆಯ್ಕೆ ನಿಂಜಾ ಇದ್ದರೆ ಮಾತ್ರ ನಡೆಯುತ್ತದೆ, ಮೇಕ್ ಬಳಸುತ್ತಿದ್ದರೆ ಕೊಟ್ಟೂ ಪ್ರಯೋಜನವಿಲ್ಲ. ಸಿಮೇಕ್‌ಗೆ ಮೈನಸ್ ದೊಡ್ಡ ಜಿ ಹಾಕಿ ನಿಂಜಾ ಅಂತ ಹೇಳಿದ್ದೀರಾ ನೋಡಿಕೊಳ್ಳಿ.

ಕಂಪೈಲ್ ಹಂತದಲ್ಲೇ ಸಾಯುತ್ತಿದ್ದರೆ ನಿಂಜಾಗೆ ಮೈನಸ್ ಜೆ 2 ಅಥವಾ 3 ಕೊಡಿ. ಏನೂ ಹೇಳದಿದ್ದರೆ ಅದು ಕೋರ್‌ಗಳ ಸಂಖ್ಯೆಗಿಂತ ಜಾಸ್ತಿ ಕೆಲಸ ಒಟ್ಟಿಗೆ ಹಚ್ಚುತ್ತದೆ.

ಆಮೇಲೆ ಕೇಳಿದ್ದನ್ನೇ ಕಡಿಮೆ ಮಾಡಿ. ಎಲ್‌ಎಲ್‌ವಿಎಂ ಟಾರ್ಗೆಟ್ಸ್ ಟು ಬಿಲ್ಡ್ ಆಯ್ಕೆಗೆ ಏನೂ ಹೇಳದಿದ್ದರೆ ಎಲ್ಲ ಸ್ಥಿರ ಟಾರ್ಗೆಟ್‌ಗಳೂ ಬರುತ್ತವೆ: ಆರ್ಮ್, ರಿಸ್ಕ್-ಫೈವ್, ಪವರ್‌ಪಿಸಿ, ಸ್ಪಾರ್ಕ್, ಇನ್ನೂ ಎಷ್ಟೋ. ಕಲಿಯಲು ನಿಮ್ಮ ಪ್ರೊಸೆಸರಿನದ್ದು ಒಂದು ಸಾಕು, ಎಕ್ಸ್86 ಅಂತ ಕೊಡಿ. ಎಕ್ಸ್ ದೊಡ್ಡಕ್ಷರದಲ್ಲೇ ಇರಬೇಕು. ಬಿಲ್ಡ್ ಟೈಪ್ ರಿಲೀಸ್ ಇರಲಿ, ಅಸರ್ಶನ್ ಆನ್ ಇರಲಿ. ಕಲಿಯುವವರಿಗೆ ಈ ಜೋಡಿಯೇ ಸರಿ ಅಂತ ನನ್ನ ಅಭಿಪ್ರಾಯ. ಡೀಬಗ್ ಮಾಹಿತಿಯೇ ಎಲ್ಲಕ್ಕಿಂತ ಭಾರ, ತಪ್ಪು ಮಾಡಿದಾಗ ಹೇಳುವ ಅಸರ್ಶನ್‌ಗಳು ಅದಿಲ್ಲದೆಯೂ ಸಿಗುತ್ತವೆ. ಕೊನೆಗೆ ಬರೀ ನಿಂಜಾ ಅನ್ನದೆ ನಿಂಜಾ ಕ್ಲ್ಯಾಂಗ್ ಅನ್ನಿ, ಬೇಕಾದ್ದಷ್ಟೇ ಕಟ್ಟುತ್ತದೆ.

ಇಷ್ಟಾದರೂ ಲಿಂಕ್ ಭಾರವಾದರೆ ಯಂತ್ರಕ್ಕೆ ಎಲ್‌ಎಲ್‌ಡಿ ಲಿಂಕರ್ ಹಾಕಿಕೊಂಡು ಎಲ್‌ಎಲ್‌ವಿಎಂ ಯೂಸ್ ಲಿಂಕರ್‌ಗೆ ಅದರ ಹೆಸರು ಕೊಡಿ. ಡೀಬಗ್ ಬೇಕೇ ಬೇಕು ಅನ್ನುವವರಿಗೆ ಎಲ್‌ಎಲ್‌ವಿಎಂ ಯೂಸ್ ಸ್ಪ್ಲಿಟ್ ಡ್ವಾರ್ಫ್ ಇದೆ, ಅದು ಡೀಬಗ್ ಮಾಹಿತಿಯನ್ನು ಬೇರೆ ಫೈಲಿಗೆ ಹಾಕಿ ಲಿಂಕರಿನ ಹೊರೆ ಇಳಿಸುತ್ತದೆ. ಸ್ವಾಪ್ ಹೆಚ್ಚಿಸುವುದು ನನ್ನ ಪಟ್ಟಿಯಲ್ಲಿ ಕೊನೆಗೆ, ಹಾರ್ಡ್ ಡಿಸ್ಕ್ ಇರುವ ಯಂತ್ರದಲ್ಲಿ ಅದು ನಡೆಯುವುದಕ್ಕಿಂತ ತೆವಳುವುದೇ ಜಾಸ್ತಿ.

"ಕರೆಂಟ್ ಹೋಗಿತ್ತು, ಈಗ ಫೈಲ್ ಟ್ರಂಕೇಟೆಡ್ ಅನ್ನುತ್ತಿದೆ"

ಡೆಸ್ಕ್‌ಟಾಪ್ ಇರುವವರಿಗೆ ಇದು ಗೊತ್ತಿರುವ ಕಷ್ಟ. ಎಲ್ಲ ಅಳಿಸಬೇಡಿ. ಸಾಮಾನ್ಯವಾಗಿ ನಿಂಜಾ ಮತ್ತೆ ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ. ಒಂದು ಆಬ್ಜೆಕ್ಟ್ ಫೈಲ್ ಅರ್ಧ ಬರೆದು ಉಳಿದಿದ್ದರೆ ದೋಷದ ಸಾಲಿನಲ್ಲೇ ಅದರ ಹೆಸರಿರುತ್ತದೆ. ಅದೊಂದನ್ನೇ ಅಳಿಸಿ ನಿಂಜಾ ಕೊಡಿ. ಡಿಸ್ಕಿನಲ್ಲಿ ಜಾಗ ಮುಗಿದಾಗಲೂ ಹೀಗೇ ಆಗಬಹುದು, ಡಿಎಫ್ ಮೈನಸ್ ಎಚ್ ಹಾಕಿ ನೋಡಿ. ಕ್ಲ್ಯಾಂಗ್ ಸಮೇತ ಡೀಬಗ್ ಬಿಲ್ಡ್‌ಗೆ 15 ರಿಂದ 20 ಜಿಬಿ ಬೇಕು, ರಿಲೀಸ್‌ಗೆ ಅದಕ್ಕಿಂತ ಬಹಳ ಕಡಿಮೆ ಸಾಕು.

"ಒಂದು ಸಾಲು ಬದಲಿಸಿದರೂ ಎಲ್ಲ ಮತ್ತೆ ಕಟ್ಟುತ್ತಿದೆ"

ಕಮಿಟ್ ಮಾಡಿದ ಮೇಲೆ ಮಾತ್ರ ಒಂದಷ್ಟು ಲಿಂಕ್ ಮತ್ತೆ ನಡೆಯುತ್ತಿದ್ದರೆ ಕಾರಣ ಇದು: ಕಮಿಟ್‌ನ ಗುರುತನ್ನು ಆವೃತ್ತಿಯ ಸಾಲಿನಲ್ಲಿ ಸೇರಿಸುತ್ತಿರುತ್ತದೆ. ಎಲ್‌ಎಲ್‌ವಿಎಂ ಅಪೆಂಡ್ ವಿಸಿ ರೆವ್ ಆಫ್ ಮಾಡಿ. ಅಸರ್ಶನ್, ಬಿಲ್ಡ್ ಟೈಪ್ ಇಂಥವನ್ನು ಬದಲಿಸಿದ್ದರೆ ಪ್ರತಿ ಫೈಲಿನ ಕಂಪೈಲ್ ಕಮಾಂಡೇ ಬದಲಾಗುತ್ತದೆ, ಮತ್ತೆ ಕಟ್ಟಲೇಬೇಕು. ಆಗಾಗ ಅತ್ತಿತ್ತ ಬದಲಿಸುವವರು ಎರಡು ಬಿಲ್ಡ್ ಡೈರೆಕ್ಟರಿ ಇಟ್ಟುಕೊಳ್ಳಿ. ಕಂಪೈಲ್ ಆದದ್ದನ್ನು ಕೂಡಿಟ್ಟುಕೊಳ್ಳುವ ಸಿಕ್ಯಾಶ್ ಅನ್ನುವ ಪ್ರೋಗ್ರಾಮ್ ಹಾಕಿಕೊಂಡು ಎಲ್‌ಎಲ್‌ವಿಎಂ ಸಿಕ್ಯಾಶ್ ಬಿಲ್ಡ್ ಆನ್ ಮಾಡಿದರೆ ಒಮ್ಮೆ ಕಟ್ಟಿದ್ದು ಎರಡನೇ ಸಲ ಬೇಗ ಬರುತ್ತದೆ. ಬ್ರಾಂಚ್ ಬದಲಿಸುತ್ತಾ ಕೆಲಸ ಮಾಡುವವರಿಗೆ ಇದು ದೊಡ್ಡ ಆಸರೆ.

"ಬಿಲ್ಡ್ ಮುಗಿಯಿತು, ಬೇಕಾದ್ದು ಮಾತ್ರ ಇಲ್ಲ"

ರಿಸ್ಕ್-ಫೈವ್‌ಗೆ ಕೋಡ್ ಮಾಡು ಅಂದರೆ ಟಾರ್ಗೆಟ್ ಇಲ್ಲ ಅನ್ನುತ್ತದೆಯಾ? ಎಲ್‌ಎಲ್‌ವಿಎಂ ಜೊತೆ ಬರುವ, ಪ್ರೊಸೆಸರಿನ ಕೋಡ್ ಹೊರಡಿಸುವ ಎಲ್‌ಎಲ್‌ಸಿಗೆ ವರ್ಶನ್ ಕೇಳಿ. ನೋಂದಾಯಿತ ಟಾರ್ಗೆಟ್‌ಗಳ ಪಟ್ಟಿಯೂ ಬರುತ್ತದೆ, ಅಸರ್ಶನ್ ಇದೆಯಾ ಅನ್ನುವುದೂ ಮೇಲಿನ ಸಾಲಿನಲ್ಲಿ ಇರುತ್ತದೆ. ಪಟ್ಟಿಯಲ್ಲಿ ಇಲ್ಲದಿದ್ದರೆ ಟಾರ್ಗೆಟ್ಸ್ ಟು ಬಿಲ್ಡ್‌ಗೆ ಸೇರಿಸಿ ಮತ್ತೆ ನಿಂಜಾ ಕೊಡಿ. ಇನ್ನೂ ಪ್ರಯೋಗದಲ್ಲಿರುವ ಟಾರ್ಗೆಟ್‌ಗಳಿಗೆ ಎಲ್‌ಎಲ್‌ವಿಎಂ ಎಕ್ಸ್‌ಪೆರಿಮೆಂಟಲ್ ಟಾರ್ಗೆಟ್ಸ್ ಟು ಬಿಲ್ಡ್ ಅಂತ ಬೇರೆ ಆಯ್ಕೆ ಇದೆ.

ಎಲ್‌ಎಲ್‌ವಿಎಂ ಪಾಸ್‌ಗಳನ್ನು (ಕೋಡನ್ನು ಪರಿಶೀಲಿಸುವ, ಸುಧಾರಿಸುವ ಹಂತಗಳು) ಓಡಿಸುವ ಆಪ್ಟ್‌ಗೆ ಮೈನಸ್ ಡೀಬಗ್ ಕೊಟ್ಟಾಗ ಅದು ಗೊತ್ತಿಲ್ಲದ ಆಯ್ಕೆ ಅಂದರೆ, ನಿಮ್ಮ ಬಿಲ್ಡ್‌ನಲ್ಲಿ ಅಸರ್ಶನ್ ಆಫ್ ಇದೆ. ಪಾಸ್ ಬರೆಯಲು ಕಲಿಯುವ ಪ್ರತಿಯೊಬ್ಬರೂ ಒಮ್ಮೆ ಇಲ್ಲಿ ನಿಲ್ಲುತ್ತಾರೆ.

"ಎಬಿಐ ಬ್ರೇಕಿಂಗ್ ಚೆಕ್ಸ್ ಅನ್ನುವ ಹೆಸರು ಸಿಗುತ್ತಿಲ್ಲ"

ನಿಮ್ಮದೇ ಸಣ್ಣ ಪ್ರೋಗ್ರಾಮನ್ನು ಎಲ್‌ಎಲ್‌ವಿಎಂ ಜೊತೆ ಲಿಂಕ್ ಮಾಡುವಾಗ ಎನೇಬಲ್ ಅಥವಾ ಡಿಸೇಬಲ್ ಎಬಿಐ ಬ್ರೇಕಿಂಗ್ ಚೆಕ್ಸ್ ಅನ್ನುವ ಚಿಹ್ನೆ ಇಲ್ಲ ಅಂತ ಬಂದರೆ, ಹೆಡರ್ ಒಂದು ಬಿಲ್ಡ್‌ನದ್ದು, ಲೈಬ್ರರಿ ಇನ್ನೊಂದರದ್ದು. ಒಂದರಲ್ಲಿ ಅಸರ್ಶನ್ ಇದೆ, ಇನ್ನೊಂದರಲ್ಲಿ ಇಲ್ಲ. ಎಬಿಐ ಅಂದರೆ ಕಂಪೈಲ್ ಆದ ತುಂಡುಗಳು ಒಂದಕ್ಕೊಂದು ಹೊಂದಿಕೊಳ್ಳುವ ಒಪ್ಪಂದ, ಅದಕ್ಕಾಗಿ ಈ ತಡೆಯನ್ನು ಬೇಕೆಂದೇ ಇಟ್ಟಿದ್ದಾರೆ. ದಾಟಿಸಿ ಹೋದರೆ ಒಳಗಿನ ರಚನೆಗಳ ಅಳತೆ ಹೊಂದದೆ ಓಡುವಾಗ ಎಲ್ಲೆಲ್ಲೋ ಬೀಳುತ್ತದೆ, ಅದನ್ನು ಹುಡುಕುವುದು ಬಹಳ ಕಷ್ಟ. ಈ ತಡೆಯನ್ನೇ ಆಫ್ ಮಾಡುವ ಆಯ್ಕೆ ಎಲ್ಲಾದರೂ ಕಂಡರೆ ಬಳಸಬೇಡಿ. ನಿಮ್ಮ ಪ್ರೋಗ್ರಾಮಿನ ಸಿಮೇಕ್‌ಗೆ ಎಲ್‌ಎಲ್‌ವಿಎಂ ಡಿಐಆರ್ ಮೂಲಕ ನೀವು ಕಟ್ಟಿದ ಡೈರೆಕ್ಟರಿಯೊಳಗಿನ ಲಿಬ್, ಅದರೊಳಗಿನ ಸಿಮೇಕ್, ಅದರೊಳಗಿನ ಎಲ್‌ಎಲ್‌ವಿಎಂ ಫೋಲ್ಡರನ್ನೇ ತೋರಿಸಿ.

ಯಾವಾಗ ನಿಲ್ಲಿಸಿ ಕೇಳಬೇಕು

ಹೊಸ ಡೈರೆಕ್ಟರಿಯಲ್ಲಿ, ಬಿಲ್ಡ್ ಟೈಪ್ ಒಂದನ್ನೇ ಕೊಟ್ಟರೂ ಅದೇ ಫೈಲಿನಲ್ಲಿ ಅದೇ ದೋಷ ಬಂದರೆ ನಿಮ್ಮ ಆಯ್ಕೆಗಳ ತಪ್ಪಲ್ಲ. ಆ ಹೊತ್ತಿನ ಮುಖ್ಯ ಬ್ರಾಂಚ್ ಮುರಿದಿರಬಹುದು, ಬಿಡುಗಡೆಯಾದ ಆವೃತ್ತಿಯ ಟ್ಯಾಗ್ ತೆಗೆದುಕೊಂಡು ನೋಡಿ. ಅಲ್ಲೂ ಬಂದರೆ, ಅಥವಾ ಜಿಸಿಸಿಯೇ ಇಂಟರ್ನಲ್ ಕಂಪೈಲರ್ ಎರರ್ ಅಂದರೆ, ಇನ್ನೊಂದು ರಾತ್ರಿ ಹಾಳು ಮಾಡಿಕೊಳ್ಳಬೇಡಿ, ಕೇಳಿ. ಅದೇ ದೋಷ ಪ್ರತಿ ಸಲ ಬೇರೆ ಬೇರೆ ಫೈಲಿನಲ್ಲಿ ಬರುತ್ತಿದ್ದರೆ ರ್‍ಯಾಮ್ ಅಥವಾ ಬಿಸಿಯ ಮೇಲೆ ಅನುಮಾನ ಪಡಿ, ಮೆಮೊರಿ ಟೆಸ್ಟ್ ಮಾಡಿಸಿ.

ಕೇಳುವಾಗ ಫೋಟೋ ತೆಗೆದು ಕಳಿಸಬೇಡಿ, ಅಕ್ಷರದಲ್ಲಿ ಕಳಿಸಿ. ಪೂರ್ತಿ ಸಿಮೇಕ್ ಕಮಾಂಡ್, ಕ್ಯಾಶ್ ಫೈಲ್, ಸಿಮೇಕ್ ಮತ್ತು ಕಂಪೈಲರಿನ ಆವೃತ್ತಿ, ಗಿಟ್ ಕಮಿಟ್, ರ್‍ಯಾಮ್ ಎಷ್ಟು, ಇಷ್ಟಿರಲಿ. ಕ್ಯಾಶ್ ಫೈಲಿನಲ್ಲಿ ನಿಮ್ಮ ಹೋಮ್ ಡೈರೆಕ್ಟರಿಯ ಹೆಸರು ಇರುತ್ತದೆ, ಕಾಣಬಾರದು ಅಂದರೆ ಬದಲಿಸಿ ಕಳಿಸಿ. ದೋಷದ ಕೊನೆಯ ಸಾಲನ್ನಲ್ಲ, ಮೊದಲ ಸಾಲನ್ನು ಹಾಕಿ. ಕೊನೆಯಲ್ಲಿ ಕಾಣುವ "ಬಿಲ್ಡ್ ಸ್ಟಾಪ್ಡ್" ಎಲ್ಲರಿಗೂ ಒಂದೇ. ಮೊದಲ ಸಾಲು ಮೇಲೆ ಹೋಗಿ ಸಿಗದಿದ್ದರೆ ನಿಂಜಾಗೆ ಮೈನಸ್ ಜೆ 1 ಕೊಟ್ಟು ಮತ್ತೆ ಓಡಿಸಿ, ಒಂದೇ ಕೆಲಸ ನಡೆಯುವುದರಿಂದ ಮೊದಲ ದೋಷದಲ್ಲೇ ನಿಲ್ಲುತ್ತದೆ.